ಡಯಾಲಿಸಿಸ್ ರೋಗಿಗಳ ರಕ್ತನಾಳಕ್ಕೆ ಸುಣ್ಣ ಕಟ್ಟುವುದೇಕೆ?



ಕಬ್ಬಿನ ರಸಕ್ಕೆ ಸುಣ್ಣ ಹಾಕಿ ಶುದ್ಧ ಮಾಡುವುದು ತಮಗೆಲ್ಲ ತಿಳಿದದ್ದೇ. ರಸದಲ್ಲಿಯ ರಂಜಕವು ಸುಣ್ಣದೊಡನೆ ಕೂಡಿ ಗಸಿಯಾಗಿ ಕೆಳಗಿಳಿಯುತ್ತದೆ. ಉಳಿದ ಸುಣ್ಣಾಂಶ ರಸ ಕುದಿಸುವ ಕೊಳವೆಗಳ ಒಳಮೈಗೆ ಪದರಾಗಿ ಅಂಟುತ್ತದೆ. ಕಿಡ್ನಿ ಕೆಟ್ಟು ಡಯಾಲಿಸಿಸ್ ಮೇಲಿರುವವರ ರಕ್ತನಾಳಗಳಲ್ಲಿಯೂ ರಂಜಕ ಮತ್ತು ಸುಣ್ಣ ಕೂಡಿ ಗಟ್ಟಿಯಾಗುತ್ತವೆ. ಆದರೆ ಭೇದವಿದೆ. ಕಾರಖಾನೆಯ ಕೊಳವೆಯನ್ನು ಕಾಸ್ಟಿಕ್ ಸೋಡಾದಿಂದ ತೊಳೆಯಬಹುದು. ರಕ್ತನಾಳದಲ್ಲಿ ಸುಣ್ಣ ಕೂಡ್ರುವುದು ಗೋಡೆಯ ಒಳಗೆ. ಅಲ್ಲಿಯ ಜೀವಕೋಶಗಳೇ ಎಲುಬಿನ ಕೋಶಗಳಂತೆ ವರ್ತಿಸತೊಡಗುತ್ತವೆ. ಅದನ್ನು ತೊಳೆದು ತೆಗೆಯಲು ಬಾರದು. ನಾಳ ಪೆಡಸಾಗಿ ಹೃದಯಕ್ಕೆ ಭಾರ ಬೀಳುತ್ತದೆ.

ಕಾರಣಗಳೇನು? ಆರೋಗ್ಯವಂತ ಕಿಡ್ನಿ ಊಟದಲ್ಲಿಯ ಹೆಚ್ಚಿನ ರಂಜಕವನ್ನು ಹಗಲಿರುಳು ಮೂತ್ರದಲ್ಲಿ ಹೊರಹಾಕುತ್ತದೆ. ವಾರಕ್ಕೆ 3 ಸಲ, ಸಲಕ್ಕೆ 4 ತಾಸಿನ ಡಯಾಲಿಸಿಸ್‌ನಿಂದ ಅಷ್ಟೂ ಹೋಗುವುದಿಲ್ಲ. ರಕ್ತದಲ್ಲಿ ರಂಜಕ ಏರುತ್ತದೆ. ಕೊರಳಿನ ಪ್ಯಾರಾಥೈರಾಯ್ಡ್ ಗ್ರಂಥಿ ಕೆರಳಿ ಎಲುಬಿನ ಸುಣ್ಣವನ್ನು ರಕ್ತಕ್ಕೆ ಬಿಡಿಸುತ್ತದೆ. ವಯಸ್ಸು, ಮಧುಮೇಹ, ರಕ್ತದ ಒತ್ತಡ, ಬೀಡಿ-ಸಿಗರೇಟು, ಡಯಾಲಿಸಿಸ್‌ನಲ್ಲಿ ಕಳೆದ ವರ್ಷಗಳು, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ.

ಇದು ಮುದುಕರ ರೋಗವೆಂದು ತಿಳಿಯಬಾರದು. ಅಮೆರಿಕದಲ್ಲಿ 2000ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, 20ರಿಂದ 30 ವರ್ಷದ 16 ಡಯಾಲಿಸಿಸ್ ರೋಗಿಗಳ ಪೈಕಿ 14 ಜನರ ಹೃದಯದ ನಾಳಗಳಲ್ಲಿ ಸುಣ್ಣ ಕಂಡಿತು. ಸುಣ್ಣ ಕಟ್ಟಿದವರು ಗುಳಿಗೆಗಳಿಂದ ಪಡೆಯುತ್ತಿದ್ದ ಸುಣ್ಣಾಂಶ ಉಳಿದವರಿಗಿಂತ ಸುಮಾರು ಇಮ್ಮಡಿಯಾಗಿತ್ತು.

ವಯಸ್ಸನ್ನು ತಡೆಯಲಾಗದು. ಆದರೆ ಮನೆಯಲ್ಲಿ ಇಂಥ ರೋಗಿ ಇದ್ದವರು ಇಷ್ಟನ್ನು ಪಾಲಿಸಬಹುದು:

1. ಡಯಾಲಿಸಿಸ್ ತಪ್ಪಿಸಬಾರದು. ಹಂಗಾಮಿನ ಗಡಿಬಿಡಿಯಲ್ಲಿ ಕಬ್ಬಿನ ಗಾಡಿ ಒಂದು ದಿನ ತಡವಾದರೆ ನಡೆದೀತು, ಇದು ನಡೆಯದು.

2. ರಂಜಕ ಹಿಡಿಯುವ ಗುಳಿಗೆಯನ್ನು ಊಟದೊಂದಿಗೇ ತೆಗೆದುಕೊಳ್ಳಬೇಕು. ಊಟದಲ್ಲಿಯ ರಂಜಕವನ್ನು ಹೊಟ್ಟೆಯಲ್ಲಿಯೇ ಹಿಡಿಯುವುದು ಅದರ ಕೆಲಸ. ಬರಿ ಹೊಟ್ಟೆಯಲ್ಲಿ ನುಂಗಿದರೆ ಆ ಉಪಯೋಗವಿಲ್ಲ.

3. ಕೋಲಾ ಪಾನೀಯ, ರಾಸಾಯನಿಕ ಬೆರೆಸಿದ ಪ್ಯಾಕೆಟ್ ತಿನಿಸು ಬಿಡಬೇಕು. ಅವುಗಳಲ್ಲಿ ಬೆರೆಸಿದ ರಂಜಕ ಕಾಳುಕಡಿಗಳ ರಂಜಕಕ್ಕಿಂತ ಬೇಗ ಮೈಗೆ ಹತ್ತುತ್ತದೆ. ಹಾಲು, ಖವೆ, ಪೇಢೆ ಎಷ್ಟು ಎಂಬುದನ್ನು ಡಾಕ್ಟರರನ್ನು ಕೇಳಿರಿ.

4. ಕೈಕಾಲು ನೋವೆಂದು ಅಂಗಡಿಯಿಂದ ಕ್ಯಾಲ್ಸಿಯಂ, ವಿಟಮಿನ್ ಡಿ ತಂದು ನುಂಗಬಾರದು. ಎಲೆ-ಅಡಿಕೆಗೆ ಹಚ್ಚುವ ಸುಣ್ಣವೂ ಸುಣ್ಣಾಂಶವೇ. ಆ ಚಟವಿದ್ದರೆ ಡಾಕ್ಟರರಿಗೆ ತಿಳಿಸಿರಿ.

5. ರಕ್ತದಲ್ಲಿಯ ರಂಜಕ ಮತ್ತು ಕ್ಯಾಲ್ಸಿಯಂ ಪರೀಕ್ಷೆಯನ್ನು ಡಾಕ್ಟರರು ಹೇಳಿದ ದಿನಕ್ಕೆ ತಪ್ಪದೆ ಮಾಡಿಸಿ, ಚೀಟಿಗಳನ್ನು ಜೋಪಾನವಾಗಿ ಇಡಿರಿ.

ಕಟ್ಟಿದ ಸುಣ್ಣ ಕರಗದು. ಕಟ್ಟುವ ವೇಗವನ್ನು ತಗ್ಗಿಸಲು ಯತ್ನಿಸುವುದು ನಮ್ಮ ಕೈಯಲ್ಲಿದೆ.