ಕೆಲಸ ಎಲ್ಲೋ, ವಾಸ ಎಲ್ಲೋ

ಒಬ್ಬರ ಕಚೇರಿ ಕೆನಡಾದ ಟೊರಾಂಟೊ ನಗರದಲ್ಲಿದೆ ಎಂದುಕೊಳ್ಳಿ. ಅವರು ಕುಳಿತು ಕೆಲಸ ಮಾಡುತ್ತಿರುವುದು ಮಾತ್ರ ಬಾರ್ಬಡೋಸ್ ದ್ವೀಪದ ಬಾಡಿಗೆ ಮನೆಯೊಂದರಲ್ಲಿ. ಸಂಬಳ ಟೊರಾಂಟೊದಿಂದ ಬರುತ್ತದೆ. ಖರ್ಚು ದ್ವೀಪದಲ್ಲಿ ಆಗುತ್ತದೆ. ಹೀಗೆ ಲ್ಯಾಪ್‌ಟಾಪನ್ನೇ ಕಚೇರಿ ಮಾಡಿಕೊಂಡು ದೇಶದಿಂದ ದೇಶಕ್ಕೆ ಹೋಗಿ ನೆಲೆಸುವವರಿಗೆ 'ಡಿಜಿಟಲ್ ಅಲೆಮಾರಿ'ಗಳು ಎಂಬ ಹೆಸರು ಬಂದಿದೆ. ಇವರನ್ನು ಒಂದು ದೇಶ ಏಕೆ ಕರೆಯುತ್ತದೆ? ಇದರಿಂದ ಯಾರಿಗೆ ಲಾಭ? ಬಾರ್ಬಡೋಸಿನ ಉದಾಹರಣೆಯನ್ನೇ ನೋಡೋಣ.

ಕ್ರಿಕೆಟ್ ಪ್ರಿಯರಾದ ನಿಮಗೆ ಇದು ಗ್ಯಾರ್‌ಫೀಲ್ಡ್ ಸೋಬರ್ಸ್ ಹುಟ್ಟಿದ ನಾಡೆಂದು ಗೊತ್ತಿರಬಹುದು. ಕೆರಿಬಿಯನ್ ದ್ವೀಪಸಾಲಿನ ಪೂರ್ವದ ಅಂಚಿನಲ್ಲಿರುವ ಈ ದೇಶದ ವಿಸ್ತೀರ್ಣ ಸುಮಾರು 430 ಚದರ ಕಿಲೋಮೀಟರ್. ಅಂದರೆ ಬೆಂಗಳೂರು ನಗರಕ್ಕಿಂತಲೂ ಚಿಕ್ಕದು. ಹಿಂದೆ ಕಬ್ಬು, ಸಕ್ಕರೆಯಿಂದ ಬದುಕಿದ ಈ ದ್ವೀಪ ಈಗ ಹೆಚ್ಚಾಗಿ ಪ್ರವಾಸಿಗರನ್ನು ನಂಬಿದೆ. 2020ರಲ್ಲಿ ಕೋವಿಡ್‌ನಿಂದ ವಿಮಾನಗಳು ನಿಂತವು, ಹೋಟೆಲುಗಳು ಬರಿದಾದವು. ವಾರದ ಮಟ್ಟಿಗೆ ಬರುವವರಿಲ್ಲದಿದ್ದರೆ ವರ್ಷದ ಮಟ್ಟಿಗೆ ಬರುವವರನ್ನೇ ಕರೆಯೋಣ ಎಂದು ಪ್ರಧಾನಿ ಮಿಯಾ ಮೊಟ್ಲಿ ಅವರ ಸರ್ಕಾರ ಆ ವರ್ಷದ ಜುಲೈನಲ್ಲಿ 'ವೆಲ್‌ಕಮ್ ಸ್ಟಾಂಪ್' ಎಂಬ ಹನ್ನೆರಡು ತಿಂಗಳ ಪರವಾನಗಿಯನ್ನು ಜಾರಿಗೆ ತಂದಿತು.

ಇದರ ನಿಯಮಗಳನ್ನು ಗಮನಿಸಿ. ಅರ್ಜಿದಾರರು ವರ್ಷಕ್ಕೆ ಕನಿಷ್ಠ 50,000 ಅಮೆರಿಕನ್ ಡಾಲರ್, ಅಂದರೆ ನಲವತ್ತು ಲಕ್ಷ ರೂಪಾಯಿಗೂ ಹೆಚ್ಚು ಗಳಿಸುವವರಾಗಿರಬೇಕು. ಶುಲ್ಕ ಒಬ್ಬರಿಗೆ 2,000 ಡಾಲರ್, ಕುಟುಂಬಕ್ಕೆ 3,000 ಡಾಲರ್. ಆರೋಗ್ಯ ವಿಮೆ ಇರಬೇಕು. ಗಳಿಕೆ ದ್ವೀಪದ ಹೊರಗಿನಿಂದಲೇ ಬರಬೇಕು; ಅಲ್ಲಿಯ ನೌಕರಿಗೆ ಕೈಹಾಕುವಂತಿಲ್ಲ. ಆ ಗಳಿಕೆಯ ಮೇಲೆ ಬಾರ್ಬಡೋಸ್ ಆದಾಯ ತೆರಿಗೆ ಹಾಕುವುದಿಲ್ಲ. ಹಾಗಾದರೆ ದೇಶಕ್ಕೇನು ಸಿಕ್ಕಿತು? ಮನೆ ಬಾಡಿಗೆ, ಊಟ, ಓಡಾಟಕ್ಕಾಗಿ ಅವರು ಖರ್ಚು ಮಾಡುವ ಹಣ ಅಲ್ಲಿಯೇ ಉಳಿಯುತ್ತದೆ. ಸಾಮಾನು ಕೊಂಡಾಗಲೆಲ್ಲ ಮಾರಾಟದ ತೆರಿಗೆಯೂ ಸಂದಾಯವಾಗುತ್ತದೆ.

ಇನ್ನು ಗಡಿಯಾರದ ಮಾತು. ಬಾರ್ಬಡೋಸ್ ನಮಗಿಂತ ಒಂಬತ್ತೂವರೆ ಗಂಟೆ ಹಿಂದಿದೆ. ಬೆಂಗಳೂರಿನ ಕಚೇರಿ ಬೆಳಗ್ಗೆ ಹತ್ತಕ್ಕೆ ತೆರೆದಾಗ ಅಲ್ಲಿ ನಡುರಾತ್ರಿ ಹನ್ನೆರಡೂವರೆ. ಟೊರಾಂಟೊ, ನ್ಯೂಯಾರ್ಕ್‌ಗಳಿಗೂ ಆ ದ್ವೀಪಕ್ಕೂ ಹೆಚ್ಚೆಂದರೆ ಒಂದು ಗಂಟೆಯ ಅಂತರ. ಆದ್ದರಿಂದ ಈ ಏರ್ಪಾಡು ಉತ್ತರ ಅಮೆರಿಕದವರಿಗೆ ಹೊಂದುವಷ್ಟು ನಮ್ಮವರಿಗೆ ಹೊಂದುವುದಿಲ್ಲ.

ಪ್ರಕೃತಿಯನ್ನೂ ಮರೆಯುವಂತಿಲ್ಲ. ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. 2024ರ ಜೂನ್ 29ರಂದು ರಾಹುಲ್ ದ್ರಾವಿಡ್ ತರಬೇತುದಾರರಾಗಿದ್ದ ಭಾರತ ತಂಡ ಬ್ರಿಜ್‌ಟೌನಿನಲ್ಲಿ ಟಿ-20 ವಿಶ್ವಕಪ್ ಗೆದ್ದಿತು. ಎರಡೇ ದಿನಗಳಲ್ಲಿ 'ಬೆರಿಲ್' ಚಂಡಮಾರುತ ದ್ವೀಪದ ದಕ್ಷಿಣಕ್ಕೆ ಹಾದುಹೋಯಿತು. ವಿಮಾನ ನಿಲ್ದಾಣ ಮುಚ್ಚಿ, ತಂಡ ಕೆಲವು ದಿನ ಅಲ್ಲಿಯೇ ಉಳಿಯಬೇಕಾಯಿತು. ಅನಂತರ ತಂಡ ವಿಶೇಷ ವಿಮಾನದಲ್ಲಿ ತಾಯ್ನಾಡಿಗೆ ಮರಳಿತು. ಆದರೆ ದೋಣಿಗಳನ್ನು ಕಳೆದುಕೊಂಡ ಅಲ್ಲಿಯ ಮೀನುಗಾರರು ಎಲ್ಲಿಗೆ ಹೋಗಬೇಕು?

ಈ ವಿಷಯದ ತಿರುಳು ಇಲ್ಲಿದೆ. ಹೊರಗಿನಿಂದ ಬಂದವರು ವರ್ಷ ಮುಗಿದ ಮೇಲೆ ಹೊರಡಬಹುದು. ಊರಿನವರು ಅಲ್ಲಿಯೇ ಬಾಳಬೇಕು. ಡಾಲರಿನಲ್ಲಿ ಗಳಿಸುವವರು ಹೆಚ್ಚು ಬಾಡಿಗೆ ಕೊಡಬಲ್ಲರು. ಮನೆಗಳು ಕಡಿಮೆಯಿರುವ ಚಿಕ್ಕ ಊರಿನಲ್ಲಿ ಬಾಡಿಗೆ ಏರಿದರೆ ಮನೆಯ ಒಡೆಯನಿಗೆ ಸಂತೋಷ, ಅದೇ ಬೀದಿಯ ಶಾಲಾ ಶಿಕ್ಷಕಿಗೆ ಸಂಕಟ. ಅತಿಥಿಯ ಹಣವೂ ಬೇಕು, ಊರಿನವರಿಗೆ ಸೂರೂ ಉಳಿಯಬೇಕು. ಇವೆರಡನ್ನೂ ಸರಿದೂಗಿಸುವ ಹೊಣೆ ಸರ್ಕಾರದ ಮೇಲಿದೆ.

ವಿದ್ಯಾರ್ಥಿ ಮಿತ್ರರೇ, ಮುಂದೆ ನಿಮ್ಮಲ್ಲಿ ಕೆಲವರು ಹೀಗೆ ದುಡಿಯಬಹುದು. ಸಮುದ್ರತೀರದ ಚಿತ್ರಕ್ಕೆ ಮಾರುಹೋಗುವ ಮೊದಲು ಕೆಲವು ಪ್ರಶ್ನೆಗಳನ್ನು ಕೇಳಿಕೊಳ್ಳಿ. ದೂರದಿಂದಲೂ ಜನ ಹಣ ಕೊಟ್ಟು ಪಡೆಯುವಂಥ ವಿದ್ಯೆ ನನ್ನಲ್ಲಿದೆಯೆ? ಕೆಲಸ ಕೊಟ್ಟವರ ಲಿಖಿತ ಒಪ್ಪಿಗೆ ಇದೆಯೆ? ಅಲ್ಲಿ ತೆರಿಗೆಯಿಲ್ಲವೆಂದ ಮಾತ್ರಕ್ಕೆ ಸ್ವದೇಶದ ತೆರಿಗೆಯ ಹೊಣೆ ತಾನಾಗಿ ತಪ್ಪುವುದಿಲ್ಲ ಎಂಬುದು ತಿಳಿದಿದೆಯೆ? ಕೊನೆಯದಾಗಿ, ನಾನು ಹೋಗಿ ನೆಲೆಸುವ ಊರಿನವರಿಗೆ ನನ್ನಿಂದ ಏನು ಉಪಯೋಗ?