ಹೆಸರು ಒಂದೇ, ಬಂದದ್ದು ಎಲ್ಲಿಂದ?

ಲಿನಕ್ಸ್‌ನಲ್ಲಿ ಒಂದು ತಂತ್ರಾಂಶವನ್ನು ಪ್ಯಾಕೇಜಾಗಿ ಕಟ್ಟಲು ಅದರ ಮೂಲ ಕೋಡ್ ಒಂದೇ ಸಾಲದು. ಕಂಪೈಲರ್ ಬೇಕು, ಹತ್ತಾರು ಲೈಬ್ರರಿಗಳು ಬೇಕು. ಡೆಬಿಯನ್‌ನಲ್ಲಿ ಈ ಅವಲಂಬನೆಗಳನ್ನು ‘ಕಂಟ್ರೋಲ್’ ಎಂಬ ಕಡತದಲ್ಲಿ ಪಟ್ಟಿ ಮಾಡಿರುತ್ತಾರೆ. ಪಟ್ಟಿಯಲ್ಲಿ ಲೈಬ್ರರಿಯ ಹೆಸರಿರುತ್ತದೆ, ಬೇಕಿದ್ದರೆ ಆವೃತ್ತಿಯೂ ಇರುತ್ತದೆ. ಅದನ್ನು ಯಾವ ರೆಪೊಸಿಟರಿಯಿಂದ, ಅಂದರೆ ಯಾವ ತಂತ್ರಾಂಶ ಭಂಡಾರದಿಂದ ತರಬೇಕೆಂಬುದು ಇರುವುದಿಲ್ಲ.

ಆ ತೀರ್ಮಾನ ‘ಆಪ್ಟ್’ ಸಲಕರಣೆಯದು. ಸಾಮಾನ್ಯವಾಗಿ ಅದು ಪ್ರತಿ ಭಂಡಾರಕ್ಕೂ 500ರ ಆದ್ಯತೆ ಕೊಡುತ್ತದೆ. ಆದ್ಯತೆ ಸಮವಾಗಿದ್ದರೆ ದೊಡ್ಡ ಆವೃತ್ತಿ ಗೆಲ್ಲುತ್ತದೆ. ಯಾವುದೋ ಕೆಲಸಕ್ಕೆಂದು ಸೇರಿಸಿಕೊಂಡ ಹೊರಗಿನ ಭಂಡಾರದಲ್ಲಿ ಅದೇ ಲೈಬ್ರರಿಯ ಹೊಸ ಆವೃತ್ತಿಯಿದ್ದರೆ ಆಪ್ಟ್ ಅದನ್ನೇ ಎತ್ತಿಕೊಳ್ಳುತ್ತದೆ.

ತೊಂದರೆ ಕಾಣುವುದು ಆಮೇಲೆ, ಬೇರೆಯವರ ಕಂಪ್ಯೂಟರಿನಲ್ಲಿ. ಕಟ್ಟುವಾಗ ಎದುರಿಗಿದ್ದ ಲೈಬ್ರರಿಯ ಮಾಹಿತಿಯನ್ನು ನೋಡಿಯೇ, ಓಡಲು ಕನಿಷ್ಠ ಯಾವ ಆವೃತ್ತಿ ಬೇಕೆಂಬುದು ಪ್ಯಾಕೇಜಿನಲ್ಲಿ ದಾಖಲಾಗುತ್ತದೆ. ಬಳಕೆದಾರರ ಬಳಿ ಹಳೆಯದಿದ್ದರೆ ಪ್ಯಾಕೇಜ್ ಇನ್‌ಸ್ಟಾಲ್ ಆಗುವುದೇ ಇಲ್ಲ. ಕೋಡ್‌ನಲ್ಲಿ ಒಂದಕ್ಷರವೂ ತಪ್ಪಿರುವುದಿಲ್ಲ.

ಇದಕ್ಕೆ ಮೊದಲ ಮದ್ದು ಶುಚಿಯಾದ ಕೋಣೆ. ಡೆಬಿಯನ್‌ನ ‘ಎಸ್‌ಬಿಲ್ಡ್’, ಫೆಡೋರಾದ ‘ಮಾಕ್’ ಇಂಥ ಸಲಕರಣೆಗಳು. ನಮ್ಮ ಕಂಪ್ಯೂಟರಿನಲ್ಲಿ ಏನೇ ಇರಲಿ, ಅವು ಪ್ರತಿ ಸಲವೂ ತೀರ ಅಗತ್ಯವಾದಷ್ಟೇ ಇರುವ ಪ್ರತ್ಯೇಕ ವ್ಯವಸ್ಥೆಯಿಂದ ಶುರುಮಾಡಿ, ನಾವು ಹೆಸರಿಸಿದ ಭಂಡಾರಗಳಿಂದ ಮಾತ್ರ ತರಿಸಿಕೊಳ್ಳುತ್ತವೆ.

ಎರಡನೆಯದು ಆದ್ಯತೆಯನ್ನು ನಾವೇ ಬರೆದಿಡುವುದು. ಹೊರಗಿನ ಭಂಡಾರಕ್ಕೆ 100 ಕೊಟ್ಟರೆ, ಬೇರೆಲ್ಲೂ ಸಿಗದ ಪ್ಯಾಕೇಜಿಗೆ ಮಾತ್ರ ಆಪ್ಟ್ ಅತ್ತ ಹೋಗುತ್ತದೆ. ಋಣಸಂಖ್ಯೆ ಕೊಟ್ಟರೆ ಅಲ್ಲಿಂದ ಏನನ್ನೂ ತರುವುದಿಲ್ಲ. ಒಂದೇ ಒಂದು ಲೈಬ್ರರಿ ಹೊಸದಿರಲೇಬೇಕು ಎಂದಾದರೆ ಅದರ ಹೆಸರಿಗೆ ಮಾತ್ರ ಆದ್ಯತೆ ಏರಿಸಬಹುದು. ಇಡೀ ಭಂಡಾರಕ್ಕೆ ಬಾಗಿಲು ತೆರೆಯಬೇಕಿಲ್ಲ.

ಈ ಶಿಸ್ತಿನ ಬೆಲೆ ತಿಳಿಯುವುದು ವರ್ಷಗಳ ನಂತರ. ಡೆಬಿಯನ್ ಪ್ಯಾಕೇಜ್ ಕಟ್ಟಿದಾಗ ಜೊತೆಗೊಂದು ‘ಬಿಲ್ಡ್‌ಇನ್ಫೊ’ ಕಡತ ಹುಟ್ಟುತ್ತದೆ. ಬಳಸಿದ ಪ್ಯಾಕೇಜುಗಳ ಹೆಸರು, ಆವೃತ್ತಿ ಅದರಲ್ಲಿರುತ್ತವೆ. 2005ರಿಂದೀಚಿನ ಡೆಬಿಯನ್ ಪ್ಯಾಕೇಜುಗಳನ್ನು ಕಾಪಿಟ್ಟಿರುವ ‘ಸ್ನ್ಯಾಪ್‌ಶಾಟ್’ ಸಂಗ್ರಹದಿಂದ ಅವೇ ಆವೃತ್ತಿಗಳನ್ನು ತಂದು, ಮತ್ತೆ ಕಟ್ಟಿ, ಫಲಿತಾಂಶ ಬಿಟ್‌ಗೆ ಬಿಟ್ ತಾಳೆಯಾಗುತ್ತದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಬಹುದು. ಎಲ್ಲಿಂದಲೋ ನುಸುಳಿದ ಲೈಬ್ರರಿ ಆ ಸಂಗ್ರಹದಲ್ಲಿ ಸಿಗುವುದಿಲ್ಲ. ಆಗ ಪ್ಯಾಕೇಜನ್ನು ನಂಬಬಹುದೇ ಹೊರತು ಪರೀಕ್ಷಿಸಲಾಗದು. ಮುಕ್ತ ತಂತ್ರಾಂಶ ನಮಗೆ ಕೊಟ್ಟ ದೊಡ್ಡ ಹಕ್ಕು ಆ ಪರೀಕ್ಷೆಯೇ. ಅದನ್ನು ಉಳಿಸಿಕೊಳ್ಳುವ ಕೆಲಸ ಭಂಡಾರಗಳ ಪಟ್ಟಿ ಬರೆಯುವಾಗಲೇ ಶುರುವಾಗಬೇಕು.