ಬೆಳಕಿದ್ದಷ್ಟು ತೆರೆ ಹಾಸು

1896ನೆಯ ಇಸವಿ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಲಿಸುವ ಚಿತ್ರಗಳು ಭಾರತದ ನೆಲದಲ್ಲಿ ಮೊಟ್ಟಮೊದಲು ಪ್ರದರ್ಶಿತವಾದವು. ಆ ಯಂತ್ರದ ವಂಶದ ಕುಡಿಯೊಂದು ಮುಂದೆ ಸಾಮಾನ್ಯ ಗೃಹಸ್ಥನ ನಡುಮನೆಯಲ್ಲಿ, ಪುಸ್ತಕದ ಕಪಾಟಿನ ಮೇಲೆ, ಊಟದ ಡಬ್ಬಿಯಷ್ಟು ಜಾಗದಲ್ಲಿ ಕುಳಿತೀತೆಂದು ಅಂದು ಯಾರು ತಾನೆ ಊಹಿಸಿದ್ದಾರು? ಇಂದು ಅದು ಕುಳಿತಿದೆ. ಹತ್ತು ಸಾವಿರ ರೂಪಾಯಿಯೊಳಗೂ ಪ್ರೊಜೆಕ್ಟರ್ ಎಂಬ ಹೆಸರಿನ ಪೆಟ್ಟಿಗೆ ದೊರೆಯುತ್ತದೆ.

ಈ ಆಸೆಯನ್ನು ಬರಿಯ ಶೋಕಿಯೆಂದು ತಳ್ಳಿಹಾಕುವಂತಿಲ್ಲ. ಒಂದೇ ಸೋಫಾದಲ್ಲಿ ಕುಳಿತ ನಾಲ್ವರು ನಾಲ್ಕು ಮೊಬೈಲುಗಳನ್ನು ನೋಡುತ್ತಿರುವುದು ಈಗಿನ ಸಂಸಾರದ ಸಾಮಾನ್ಯ ಚಿತ್ರ. ಗೋಡೆಯ ತುಂಬ ಒಂದೇ ಚಿತ್ರ ಮೂಡಿದರೆ ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಂದೇ ಕಡೆಗೆ ಮುಖ ತಿರುಗಿಸುತ್ತಾರೆ. ಒಟ್ಟಿಗೆ ನಗುತ್ತಾರೆ, ಒಟ್ಟಿಗೆ ಕಣ್ಣೊರೆಸಿಕೊಳ್ಳುತ್ತಾರೆ. ಆದರೆ ತಿಂಗಳುಗಟ್ಟಲೆ ಉಳಿಸಿದ ಹಣ ಅಟ್ಟ ಸೇರುವ ಪೆಟ್ಟಿಗೆಯಾಗಬಾರದಲ್ಲವೆ? ಅದಕ್ಕಾಗಿ, ಅಂಗಡಿಗೆ ಹೊರಡುವ ಮುನ್ನ ನಾಲ್ಕು ವಿಚಾರಗಳನ್ನು ಅರಿತಿರುವುದು ಒಳ್ಳೆಯದು.

ಮೊದಲನೆಯದು ಬೆಳಕಿನ ಲೆಕ್ಕ. ಪ್ರೊಜೆಕ್ಟರಿನಿಂದ ಹೊಮ್ಮುವ ಬೆಳಕನ್ನು ಲ್ಯೂಮೆನ್ ಎಂಬ ಮಾನದಿಂದ ಅಳೆಯುತ್ತಾರೆ. ಅಗ್ಗದ ಪೆಟ್ಟಿಗೆಗಳ ಮೇಲೆ ಐದು ಸಾವಿರ, ಹತ್ತು ಸಾವಿರ ಲ್ಯೂಮೆನ್ನೆಂದು ದಪ್ಪಕ್ಷರಗಳಲ್ಲಿ ಅಚ್ಚಾಗಿರುವುದುಂಟು. ಎಷ್ಟೋ ವೇಳೆ ಅದು ಒಳಗಿನ ದೀಪದ ಬೆಳಕೆಂದು ಹೇಳಿಕೊಂಡ ಸಂಖ್ಯೆಯೇ ಹೊರತು ಗೋಡೆಗೆ ತಲುಪುವ ಬೆಳಕಿನದಲ್ಲ. ತೆರೆಯನ್ನು ಒಂಬತ್ತು ಸಮಭಾಗಗಳಾಗಿ ವಿಂಗಡಿಸಿ, ಪ್ರತಿಯೊಂದರ ಮಧ್ಯದಲ್ಲಿ ಬೆಳಕನ್ನು ಅಳೆದು, ಸರಾಸರಿಯನ್ನು ತೆರೆಯ ವಿಸ್ತೀರ್ಣದಿಂದ ಗುಣಿಸಿ ಪಡೆಯುವುದೇ ಎ.ಎನ್.ಎಸ್.ಐ. ಲ್ಯೂಮೆನ್. ಐ.ಎಸ್.ಒ. 21118 ಎಂಬುದೂ ನಂಬತಕ್ಕ ಅಳತೆಯೇ. ಇವೆರಡರಲ್ಲಿ ಯಾವುದರ ಹೆಸರೂ ಇಲ್ಲದ ಬರಿಯ ಸಂಖ್ಯೆಯನ್ನು ಅತಿಶಯೋಕ್ತಿ ಅಲಂಕಾರವೆಂದು ಭಾವಿಸಿ ಮುಂದೆ ಸಾಗುವುದು ಕ್ಷೇಮ.

ಹಾಗಾದರೆ ನಮಗೆ ಎಷ್ಟು ಲ್ಯೂಮೆನ್ ಬೇಕು? ಡಿಜಿಟಲ್ ಚಿತ್ರಮಂದಿರಗಳು ಅನುಸರಿಸುವ ಮಟ್ಟಕ್ಕೆ, ಸಾಧಾರಣ ಬಿಳಿಯ ತೆರೆಯ ಚದರ ಅಡಿಯೊಂದಕ್ಕೆ ಸುಮಾರು 14 ಲ್ಯೂಮೆನ್ ಬೀಳಬೇಕು. ಮೂಲೆಯಿಂದ ಮೂಲೆಗೆ 100 ಅಂಗುಲವಿರುವ ತೆರೆ ಸುಮಾರು ಏಳೂಕಾಲು ಅಡಿ ಅಗಲ, ನಾಲ್ಕಡಿ ಎತ್ತರ. ವಿಸ್ತೀರ್ಣ ಸುಮಾರು 30 ಚದರ ಅಡಿ. ಅದಕ್ಕೆ 420 ಲ್ಯೂಮೆನ್ ಬೇಕಾಯಿತು. ತೆರೆಯನ್ನು 80 ಅಂಗುಲಕ್ಕೆ ಇಳಿಸಿದರೆ ವಿಸ್ತೀರ್ಣ 19 ಚದರ ಅಡಿಗೆ ಇಳಿದು, 270 ಲ್ಯೂಮೆನ್ನಿಗೇ ಚಿತ್ರ ಅಷ್ಟೇ ಕಳೆಗಟ್ಟುತ್ತದೆ. ದೀಪ ದಿನಗಳೆದಂತೆ ಮಂಕಾಗುವುದರಿಂದ ಕೊಳ್ಳುವಾಗ ಒಂದಿಷ್ಟು ಹೆಚ್ಚಿಗೆ ನೋಡಿಕೊಳ್ಳಬೇಕು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಹಿರಿಯರ ಮಾತು ಇಲ್ಲಿಯೂ ಸಲ್ಲುತ್ತದೆ: ಬೆಳಕಿದ್ದಷ್ಟು ತೆರೆ ಹಾಸು.

ಎರಡನೆಯದು ಕತ್ತಲೆ. ಯಾವ ಪ್ರೊಜೆಕ್ಟರೂ ಕಪ್ಪು ಬಣ್ಣವನ್ನು ಚೆಲ್ಲಲಾರದು. ಬೆಳಕು ಬೀಳದ ಎಡೆಯನ್ನೇ ನಾವು ಕಪ್ಪೆಂದು ಕಾಣುತ್ತೇವೆ. ಕಿಟಕಿಯಿಂದ ಬಿಸಿಲು ಬಂದು ಗೋಡೆ ಬೆಳಗಿದ್ದರೆ ನಾಯಕಿಯ ಕಪ್ಪು ಜಡೆ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಮೇಲೆ ಹೇಳಿದ ಲೆಕ್ಕವೆಲ್ಲ ಕತ್ತಲೆಯ ಕೋಣೆಗೆ ಮಾತ್ರ ಅನ್ವಯಿಸುವಂಥದು. ಆದುದರಿಂದ ಹಣದಲ್ಲಿ ಒಂದು ಪಾಲನ್ನು ದಪ್ಪನೆಯ ಪರದೆಗಳಿಗಾಗಿ ತೆಗೆದಿಡುವ ಗೃಹಸ್ಥ, ಅದೇ ಹಣಕ್ಕೆ ಇನ್ನಷ್ಟು ಲ್ಯೂಮೆನ್ ಕೊಳ್ಳುವವನಿಗಿಂತ ಜಾಣ. ತೆರೆಗೆ ಮೊದಲೇ ಹಣ ಸುರಿಯಬೇಕಾಗಿಲ್ಲ. ನುಣುಪಾದ, ಹೊಳಪಿಲ್ಲದ ಬಿಳಿ ಗೋಡೆ ಆರಂಭಕ್ಕೆ ಸಾಕು.

ಮೂರನೆಯದು ಚಿತ್ರದ ಸ್ಫುಟತೆ. ‘ಫೋರ್ ಕೆ ಸಪೋರ್ಟ್’ ಎಂಬ ಬರಹಕ್ಕೆ ಮರುಳಾಗಬಾರದು. ಅಷ್ಟು ಸೂಕ್ಷ್ಮವಾದ ಚಿತ್ರವನ್ನು ಯಂತ್ರ ಸ್ವೀಕರಿಸಬಲ್ಲುದೆಂದಷ್ಟೇ ಅದರ ಅರ್ಥ, ತೋರಿಸಬಲ್ಲುದೆಂದಲ್ಲ. ಕೇಳಬೇಕಾದುದು ನೇಟಿವ್ ರೆಸಲ್ಯೂಷನ್. ಅದು 1920 × 1080 ಆಗಿದ್ದರೆ ಚಿತ್ರದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಬಿಂದುಗಳಿರುತ್ತವೆ. 1280 × 720 ಆದರೆ ಒಂಬತ್ತು ಲಕ್ಷ ಚಿಲ್ಲರೆ. ಗೋಡೆಯಗಲದ ಚಿತ್ರದಲ್ಲಿ ಈ ವ್ಯತ್ಯಾಸ ಬರಿಗಣ್ಣಿಗೇ ಕಾಣುತ್ತದೆ.

ನಾಲ್ಕನೆಯದು ದೂರ. ಯಂತ್ರ ಮತ್ತು ತೆರೆಯ ನಡುವಣ ಅಂತರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವುದೇ ಥ್ರೋ ರೇಷಿಯೋ. ಅದು 1.2 ಆಗಿದ್ದರೆ 100 ಅಂಗುಲದ ಚಿತ್ರಕ್ಕೆ ಸುಮಾರು ಎಂಟೂಮುಕ್ಕಾಲು ಅಡಿ ಅಂತರ ಬೇಕು. ಹತ್ತಡಿ ಉದ್ದದ ಕೋಣೆಯಲ್ಲಿ ಯಂತ್ರದ ಮೈ, ಹಿಂದಿನ ತಂತಿಗಳು, ಬಿಸಿಗಾಳಿಗೆ ಬಿಡುವ ಜಾಗ ಎಲ್ಲ ಸೇರಿ ಇದೇ ಇಕ್ಕಟ್ಟಾದೀತು. ಯಂತ್ರವನ್ನು ತೆರೆಗೆ ನೇರವಾಗಿಯೇ ಇರಿಸಬೇಕು. ಓರೆಯಾಗಿಟ್ಟು ‘ಕೀಸ್ಟೋನ್’ ಗುಂಡಿಯಿಂದ ಚಿತ್ರವನ್ನು ಚೌಕಗೊಳಿಸಬಹುದಾದರೂ, ಹಣ ಕೊಟ್ಟು ಕೊಂಡ ಬಿಂದುಗಳಲ್ಲಿಯೂ ಬೆಳಕಿನಲ್ಲಿಯೂ ಒಂದಂಶ ಅಲ್ಲಿ ಪೋಲಾಗುತ್ತದೆ.

ಇನ್ನು ಕೆಲವು ಕಿವಿಮಾತುಗಳು. ಹಳೆಯ ಬಗೆಯ ದೀಪದ ಯಂತ್ರದಲ್ಲಿ ಕೆಲವು ಸಾವಿರ ಗಂಟೆಗಳ ತರುವಾಯ ದೀಪವನ್ನು ಬದಲಿಸಬೇಕು. ಅದರ ಬೆಲೆಯನ್ನು ಮೊದಲೇ ಕೇಳಿಕೊಳ್ಳಿ. ಎಲ್.ಇ.ಡಿ. ಯಂತ್ರಗಳ ದೀಪ ದೀರ್ಘಾಯು. ಆದರೆ ಒಳಭಾಗ ಭದ್ರವಾಗಿ ಮುಚ್ಚಿರದಿದ್ದಲ್ಲಿ ನಮ್ಮ ಬೇಸಿಗೆಯ ಧೂಳು ಒಳಹೊಕ್ಕು ಚಿತ್ರದ ಮೇಲೆ ಕಲೆಯಾಗಿ ಕೂರುತ್ತದೆ. ಯಂತ್ರದೊಳಗಿನ ಸ್ಪೀಕರಿನಿಂದ ಸಿನಿಮಾದ ದನಿಯನ್ನು ನಿರೀಕ್ಷಿಸಬೇಡಿ. ಹೊರಗಿನ ಸ್ಪೀಕರಿಗೂ ಸ್ವಲ್ಪ ಹಣವಿರಲಿ. ಮೊಬೈಲಿನ ಚಿತ್ರವನ್ನೇ ಗೋಡೆಗೆ ಹಾಯಿಸಲು ಹೋದರೆ ಕೆಲವು ಚಲನಚಿತ್ರ ಸೇವೆಗಳು ಹಕ್ಕುರಕ್ಷಣೆಯ ನಿಮಿತ್ತ ಕಪ್ಪು ಪರದೆಯನ್ನಷ್ಟೇ ತೋರುವುದುಂಟು, ಎಚ್.ಡಿ.ಎಂ.ಐ. ಕಿಂಡಿಗೆ ಸೇರಿಸುವ ಪುಟ್ಟ ಸ್ಟ್ರೀಮಿಂಗ್ ಕಡ್ಡಿಯೊಂದರಿಂದ ಈ ತೊಡಕು ಸಾಮಾನ್ಯವಾಗಿ ನೀಗುತ್ತದೆ. ಯಂತ್ರವನ್ನು ಮನೆಗೆ ತಂದ ರಾತ್ರಿಯೇ ಒಂದು ಕತ್ತಲೆಯ ದೃಶ್ಯವನ್ನೂ, ತೆರೆಯ ನಾಲ್ಕು ಮೂಲೆಗಳಲ್ಲಿ ಸಣ್ಣಕ್ಷರಗಳನ್ನೂ ಮೂಡಿಸಿ ಪರೀಕ್ಷಿಸಿರಿ. ಮರಳಿಸಲು ಅವಕಾಶವಿರುವ ದಿನಗಳು ಬೇಗ ಕಳೆದುಹೋಗುತ್ತವೆ.

ಕೊನೆಯದಾಗಿ ಒಂದು ಮಾತು. ನಿಮ್ಮ ಮನೆಯಲ್ಲಿ ನೋಡುವುದು ಬಹುಪಾಲು ಹಗಲಿನ ಕ್ರಿಕೆಟ್ಟು, ಬೆಳಗಿನ ವಾರ್ತೆ ಎಂದಾದರೆ ಅದೇ ಹಣಕ್ಕೆ ಒಳ್ಳೆಯ ಟಿ.ವಿ.ಯನ್ನೇ ತನ್ನಿ, ಹಗಲಿನೊಡನೆ ಸೆಣಸುವ ಶಕ್ತಿ ಅದಕ್ಕುಂಟು. ಪ್ರೊಜೆಕ್ಟರು ರಾತ್ರಿಯ ಅತಿಥಿ. ದೀಪವಾರಿಸಿ, ಪರದೆ ಎಳೆದು, ಮೊಬೈಲುಗಳನ್ನು ಬದಿಗಿರಿಸಿ ಅದನ್ನು ಬರಮಾಡಿಕೊಳ್ಳಬೇಕು. ವಾರಕ್ಕೊಂದು ರಾತ್ರಿಯಾದರೂ ಹಾಗೆ ಒಟ್ಟಾಗಿ ಕೂರಲು ಮನೆಮಂದಿ ಒಪ್ಪಿದರೆ 80 ಅಂಗುಲದ ತೆರೆಯೇ ಸಾಕು. ಒಪ್ಪದಿದ್ದರೆ 120 ಅಂಗುಲದ ತೆರೆಯೂ ಬರಿಯ ಗೋಡೆಯೇ.